ದಿನವಿಲ್ಲದ ಕಂತು ಕಂತೇ ಅಲ್ಲ



ಸೊಸೈಟಿ ನೋಟೀಸಿನಲ್ಲಿ ದಿನಾಂಕ ಇರುತ್ತೆ. ಟ್ರ್ಯಾಕ್ಟರ್ ಸಾಲದ ಕಂತಿಗೂ ದಿನಾಂಕ ಇರುತ್ತೆ. ಆದರೆ ಸಕ್ಕರೆ ಕಾರ್ಖಾನೆಯವರು ನಮ್ಮ ಕಬ್ಬಿನ ಹಣ ಕೊಡುವಾಗ ಮಾತ್ರ "ಇದು ಮೊದಲ ಕಂತು, ಉಳಿದದ್ದು ಮುಂದೆ" ಅಂತಾರೆ. ಆ 'ಮುಂದೆ' ಅನ್ನೋದು ಯಾವತ್ತು ಸ್ವಾಮಿ?

ಬ್ಯಾಂಕಿನವರು 'ಇನ್‌ಸ್ಟಾಲ್‌ಮೆಂಟ್ ಕಟ್ಟಿ' ಎಂದು ಗದರಿಸುತ್ತಾರಲ್ಲ, ಆ ಇಂಗ್ಲಿಷ್ ಪದದ ಹುಟ್ಟು ನೋಡಿ. ಅದರ ಬೇರು ಹಳೆಯ ಫ್ರೆಂಚಿನ 'ಎಸ್ತಾಲ್'. ಅಂದರೆ ಗೊತ್ತಾದ ಜಾಗ, ನಿಲ್ಲುವ ನೆಲೆ. ಕೊಟ್ಟಿಗೆಯಲ್ಲಿ ದನ ಕಟ್ಟುವ ಜಾಗಕ್ಕೆ ಇಂಗ್ಲಿಷಿನವರು ಹೇಳುವ 'ಸ್ಟಾಲ್' ಕೂಡ ಇದೇ ಬಳಗದ್ದು. ಹಿಂದೆ ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದ ಫ್ರೆಂಚಿನಲ್ಲಿ ಇದರಿಂದಲೇ ಹಣ ಕಟ್ಟುವ ಗಡುವು ಗೊತ್ತುಮಾಡುವುದು ಎಂಬ ಮಾತು ಬಂತು. ಹಾಗಾಗಿ ಚೂರುಚೂರು ಕೊಡೋದು ಅದರ ಮೂಲ ಅರ್ಥ ಅಲ್ಲ. ಗೂಟಕ್ಕೆ ದನ ಕಟ್ಟಿದ ಹಾಗೆ ಕೊಡುವ ಹಣವನ್ನು ದಿನಕ್ಕೆ ಕಟ್ಟಿಹಾಕುವುದು ಅದರ ಅರ್ಥ. ನಮ್ಮ ತಾತಂದಿರು ಕಂದಾಯ ಕಟ್ಟುತ್ತಿದ್ದ 'ಕಿಸ್ತು' ಅರಬ್ಬಿ ಮೂಲದ್ದು. ಅಲ್ಲಿ ಅದಕ್ಕೆ ಪಾಲು ಅಂತಲೂ ಅರ್ಥ, ನ್ಯಾಯ ಅಂತಲೂ ಅರ್ಥ.

ಈಗ ಕಾನೂನು ನೋಡಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಬೇಕು. ಕೊಡದಿದ್ದರೆ ಭೂ ಕಂದಾಯದ ಬಾಕಿಯಂತೆ ವಸೂಲಿ ಮಾಡಲೂ ದಾರಿ ಇದೆ. ಆದರೆ ಅದೇ ಆದೇಶದಲ್ಲಿ ಒಂದು ಕಂಡಿಯೂ ಇದೆ: ಬರವಣಿಗೆಯಲ್ಲಿ ಬೇರೆ ಒಪ್ಪಂದ ಆಗಿದ್ದರೆ 14 ದಿನದ ಮಾತು ನಿಲ್ಲುವುದಿಲ್ಲ. ಕಟಾವಿನ ಅವಸರದಲ್ಲಿ ಓದದೆ ಹೆಬ್ಬೆಟ್ಟು ಒತ್ತುವವರು ಇದನ್ನು ನೆನಪಿಡಬೇಕು.

ಒಂದು ಹಂಗಾಮಿನಲ್ಲಿ ನಾನೂ ಕಬ್ಬು ಸಾಗಿಸಿ ತಿಂಗಳುಗಟ್ಟಲೆ ಕಾದೆ. ಅಷ್ಟರಲ್ಲಿ ಸೊಸೈಟಿಯ ಗಡುವು ದಾಟಿತು, ಬಡ್ಡಿ ರಿಯಾಯಿತಿ ಹೋಯಿತು. ಸುಸ್ತಿದಾರರ ಪಟ್ಟಿಯಲ್ಲಿ ನನ್ನ ಹೆಸರು ಬಂತು. ನನ್ನ ಹಣ ಇಟ್ಟುಕೊಂಡವರ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಬರಲಿಲ್ಲ. ಸಾಲ ಕೊಟ್ಟವನು ನಾನು, ಸಾಲಗಾರ ಅನ್ನಿಸಿಕೊಂಡವನೂ ನಾನೇ!

ಕಾರ್ಖಾನೆಯವರು ಹೇಳುವುದು ಇಷ್ಟೇ: ಸಕ್ಕರೆ ಮಾರಾಟ ಆಗದೆ ಹಣ ಎಲ್ಲಿಂದ ತರೋಣ? ಅದೂ ನಿಜ ಇರಬಹುದು. ಆದರೆ ಬೆಳೆ ಮಾರಾಟ ಆಗಿಲ್ಲ ಅಂತ ನಾವು ಹೇಳಿದರೆ ಬ್ಯಾಂಕಿನವರು ಬಡ್ಡಿ ನಿಲ್ಲಿಸುತ್ತಾರೆಯೇ? ಒಬ್ಬರ ಕಷ್ಟಕ್ಕೆ ಗಡುವು ಸಡಿಲ ಆಗುವುದಾದರೆ ಇಬ್ಬರಿಗೂ ಆಗಲಿ. ಬಿಗಿ ಇರುವುದಾದರೆ ಇಬ್ಬರಿಗೂ ಇರಲಿ.

ಕಂತು ಬೇಡ ಅನ್ನೋದು ನಮ್ಮ ಹಟ ಅಲ್ಲ. ಕಂತಾದರೆ ದಿನಾಂಕ ಬರೆಯಿರಿ, ದಾಟಿದರೆ ಬಡ್ಡಿ ಬರೆಯಿರಿ. ರೈತರೂ ಅಷ್ಟೇ, ಖಾಲಿ ಕಾಗದಕ್ಕೆ ರುಜು ಹಾಕಬೇಡಿ. ತೂಕದ ಚೀಟಿ ಜೋಪಾನವಾಗಿ ಇಟ್ಟು, ಹದಿನೈದನೆಯ ದಿನ ಹತ್ತು ಜನ ಸೇರಿ ಬಡ್ಡಿಯ ಲೆಕ್ಕ ಕೇಳಿ. ಗೂಟವಿಲ್ಲದ ದನ ಯಾರ ಹೊಲಕ್ಕೆ ನುಗ್ಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.