ಸ್ನೋಶೂ ಬೇಡ ಅನ್ನೋ ಶೂರರಿಗೆ

"ಒಳ್ಳೆ ಬೂಟಿದ್ರೆ ಸಾಕು ಮಾರಾಯ, ಸ್ನೋಶೂ ಎಲ್ಲಾ ದುಡ್ಡು ದಂಡ" - ಅಮೆರಿಕದಲ್ಲಿರೋ ನಮ್ಮ ಟ್ರೆಕ್ಕಿಂಗ್ ಗೆಳೆಯರ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅಲ್ಲಾ ಸ್ವಾಮಿ, ಇಂಜಿನಿಯರಿಂಗ್ ಓದಿದವರಲ್ವಾ ನಾವು? ಅದೇ ತೂಕ ಅಗಲ ಜಾಗಕ್ಕೆ ಹರಡಿದ್ರೆ ಒತ್ತಡ ಕಮ್ಮಿ, ಕಾಲು ಹೂತುಹೋಗೋದೂ ಕಮ್ಮಿ. ಬೂಟಿನಡಿ ಕಟ್ಟೋ ಆ ಚೌಕಟ್ಟು ಮಾಡೋದು ಇಷ್ಟೇ!

ಹೂತ್ರೆ ನನ್ನ ಕಾಲು ತಾನೆ, ನಿಮಗೇನು ಅಂತೀರಾ? ನೀವು ಮಂಡಿಯುದ್ದ ತೋಡಿದ ಗುಂಡಿ ರಾತ್ರಿ ಹೆಪ್ಪುಗಟ್ಟುತ್ತೆ, ಮರುದಿನ ಬರೋರ ಕಾಲು ಉಳುಕಿಸುತ್ತೆ. ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಹೈ ಪೀಕ್ಸ್‌ನಲ್ಲಿ 8 ಇಂಚು ಅಥವಾ ಹೆಚ್ಚು ಹಿಮ ಇದ್ರೆ ಸ್ನೋಶೂ ಇಲ್ಲವೇ ಸ್ಕೀ ಕಡ್ಡಾಯ. ಸುಮ್ಮನೆ ಅಲ್ಲ!

ಮೈಕ್ರೋಸ್ಪೈಕ್ಸ್ ಇದೆಯಲ್ಲ ಅನ್ನಬೇಡಿ. ಅದು ಗಟ್ಟಿ ಐಸ್ ಮೇಲೆ ಜಾರದಿರೋಕೆ. ಮೆದು ಹಿಮದಲ್ಲಿ ನಿಮ್ಮನ್ನ ಎತ್ತಿಹಿಡಿಯಲ್ಲ. ಸೈಜು ನೋಡುವಾಗ ನಿಮ್ಮ ತೂಕಕ್ಕೆ ಬ್ಯಾಗಿನ ತೂಕವನ್ನೂ ಸೇರಿಸಿ. ಬೆಟ್ಟ ಹತ್ತೋದಾದ್ರೆ ಅಡಿಯಲ್ಲಿ ಲೋಹದ ಹಲ್ಲು, ಹಿಮ್ಮಡಿ ಎತ್ತೋ ಕಂಬಿ ಇರೋದನ್ನೇ ಆರಿಸಿ. ಕೊಳ್ಳೋಕೆ ಮನಸ್ಸಿಲ್ವಾ? ಬಾಡಿಗೆಗೆ ಸಿಗುತ್ತೆ.

ಬೆಂಗಳೂರಿನ ರಸ್ತೆಗುಂಡಿಗೆ ದಿನಾ ಬಯ್ಯೋ ನಾವೇ ಬೇರೆಯವರ ಬೆಟ್ಟದಲ್ಲಿ ಗುಂಡಿ ತೋಡಿ ಬರೋದು ಯಾವ ನ್ಯಾಯ? ಏನಂತೀರಿ?