ಚೆಂಡು ಕೊಡ್ತಾರೆ, ಟಾಸ್ ಕೊಡಲ್ಲ

ಐಪಿಎಲ್ ಶುರುವಾದ್ರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಹಳೇ ಜೋಕ್ ಮತ್ತೆ ಓಡಾಡೋಕೆ ಶುರುವಾಗುತ್ತೆ. "ಕ್ರಿಕೆಟ್ಟಿಗೂ ಮೀಸಲಾತಿ ತಂದ್ರೆ ಹೇಗಿರುತ್ತೆ? ಎಸ್ಸಿ ಬ್ಯಾಟ್ಸ್‌ಮನ್‌ಗೆ ಬೌಂಡರಿ ಗೆರೆ ಹತ್ತಿರಕ್ಕೆ ಎಳೀಬೇಕು. ಎರಡು ಸಲ ಔಟಾದ್ರೆ ಒಂದು ಸಲ ಅಂತ ಲೆಕ್ಕ. ಫಾಸ್ಟ್ ಬೌಲರ್ ಮೆಲ್ಲಗೆ ಹಾಕ್ಬೇಕು." ಕೆಳಗೆ ಒಂದಷ್ಟು ನಗೋ ಮುಖಗಳು. ಇದನ್ನ ಕಳಿಸೋರು ಯಾರೋ ಗುರುತಿಲ್ಲದವರಲ್ಲ. ನಮ್ಮ ಆಫೀಸಿನೋರು, ನಮ್ಮ ಜೊತೆ ಓದಿದೋರು, ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋ ಸ್ಟೇಟಸ್ ಹಾಕೋರು.

ಏನಾದ್ರೂ ಹೇಳೋಕೆ ಹೋದ್ರೆ ಒಂದೇ ಉತ್ತರ: "ಅಯ್ಯೋ ಬಿಡಪ್ಪ, ಕ್ರಿಕೆಟ್‌ನಲ್ಲಿ ಯಾಕೆ ಜಾತಿ ತರ್ತೀಯ? ಅಲ್ಲಿ ಇರೋದು ಬರೀ ಪ್ರತಿಭೆ." ಅಲ್ಲ, ಜೋಕಿನಲ್ಲಿ ಜಾತಿ ತಂದಿದ್ದು ನಾನಾ, ಅವನಾ?

ಆ ಜೋಕಿನೊಳಗೆ ಒಂದು ಗಟ್ಟಿ ಅಭಿಪ್ರಾಯ ಕೂತಿದೆ. ಆಡೋ ತಾಕತ್ತು ಅವರದ್ದು, ನಮಗೆ ಸಿಗೋದು ಕರುಣೆ ಅನ್ನೋದು. ಅದನ್ನ ಆಟದ ದಾಖಲೆಯಿಂದಲೇ ನೋಡೋಣ ಬನ್ನಿ.

ಮೀಸಲಾತಿ ಅಂತ ಕರೆಯಬಹುದಾದ ವ್ಯವಸ್ಥೆ ಕ್ರಿಕೆಟ್‌ನಲ್ಲಿ ನಿಜವಾಗಿಯೂ ಇರೋ ದೇಶ ಒಂದಿದೆ, ದಕ್ಷಿಣ ಆಫ್ರಿಕಾ. ಅಲ್ಲಿ ದಶಕಗಟ್ಟಲೆ ಬರೀ ಬಿಳಿಯರ ತಂಡ ಆಡಿತು. ಆ ಕಾರಣಕ್ಕೆ ಜಗತ್ತು ಅವರನ್ನ ಎರಡು ದಶಕ ಹೊರಗಿಟ್ಟಿತ್ತು. 1991ರಲ್ಲಿ ವಾಪಸ್ ಬಂದ ಮೇಲೂ ಮೊದಲ ಕಪ್ಪು ಆಫ್ರಿಕನ್ ಟೆಸ್ಟ್ ಆಟಗಾರ, ಮಖಾಯ ಎನ್ಟಿನಿ, ಬರೋಕೆ 1998 ಆಗಬೇಕಾಯ್ತು. 2016ರಲ್ಲಿ ಅಲ್ಲಿನ ಕ್ರಿಕೆಟ್ ಮಂಡಳಿ ಒಂದು ಗುರಿ ಹಾಕಿಕೊಂಡಿತು. ಒಂದು ಸೀಸನ್ನಿನ ಸರಾಸರಿಯಲ್ಲಿ ಹನ್ನೊಂದರಲ್ಲಿ ಆರು ಜನ ಬಿಳಿಯರಲ್ಲದವರು, ಅದರಲ್ಲಿ ಇಬ್ಬರಾದರೂ ಕಪ್ಪು ಆಫ್ರಿಕನ್ನರು ಇರಬೇಕು ಅಂತ. "ಮುಗೀತು ಇವರ ಕಥೆ" ಅಂದೋರಲ್ಲಿ ನಮ್ಮ ಅಭಿಮಾನಿಗಳೂ ಇದ್ದರು. ಕೇಪ್‌ಟೌನಿನ ಕಪ್ಪು ಜನರ ಬಡಾವಣೆ ಲಾಂಗಾದಿಂದ ಬಂದ ತೆಂಬಾ ಬವುಮಾ ನಾಯಕರಾದಾಗ "ಕೋಟಾ ಕ್ಯಾಪ್ಟನ್" ಅಂತ ಅವರನ್ನ ಅಣಕಿಸಿದ್ದು, ಅವರ ಎತ್ತರ ಹಿಡಿದು ಮೀಮ್ ಮಾಡಿದ್ದು ಎಲ್ಲಾ ನಾವು ನೋಡಿದ್ದೀವಿ.

ಆಮೇಲೆ ಏನಾಯ್ತು? 2025ರ ಜೂನ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯಾ ವಿರುದ್ಧ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್. ಗೆಲ್ಲೋಕೆ 282 ಬೇಕು. ರಬಾಡ ಪಂದ್ಯದಲ್ಲಿ ಒಂಬತ್ತು ವಿಕೆಟ್ ತೆಗೆದಿದ್ದರು. ಮಾರ್ಕ್ರಮ್ 136 ಹೊಡೆದರು. ತೊಡೆಯ ಸ್ನಾಯು ಹಿಡಕೊಂಡು ಕುಂಟುತ್ತಲೇ ಓಡಿದ ಬವುಮಾ 66. ಆ ದೇಶ 27 ವರ್ಷದ ನಂತರ ಒಂದು ಐಸಿಸಿ ಕಪ್ ಎತ್ತಿತು. ಅದೇ ವರ್ಷ ನವೆಂಬರ್‌ನಲ್ಲಿ ಅದೇ ಬವುಮಾ ಭಾರತಕ್ಕೆ ಬಂದು ನಮ್ಮ ನೆಲದಲ್ಲೇ ಟೆಸ್ಟ್ ಸರಣಿಯನ್ನ 2-0ಯಿಂದ ಗೆದ್ದುಕೊಂಡು ಹೋದರು. ಬೌಂಡರಿ ಗೆರೆಯನ್ನ ಯಾರೂ ಹತ್ತಿರ ಎಳೆದಿರಲಿಲ್ಲ ಸ್ವಾಮಿ. ಬಾಗಿಲನ್ನ ಮಾತ್ರ ತೆರೆದಿದ್ದರು.

ಈಗ ನಮ್ಮ ಮನೆಗೆ ಬರೋಣ. ಭಾರತದ ಮೊದಲ ದೊಡ್ಡ ಬೌಲರ್ ಯಾರು ಅಂತ ಟೀ ಅಂಗಡಿಯಲ್ಲಿ ಕೇಳಿ. ಕಪಿಲ್ ಅಂತಾರೆ, ಬೇಡಿ ಅಂತಾರೆ, ನಮ್ಮ ಚಂದ್ರಶೇಖರ್, ಪ್ರಸನ್ನ ಅಂತಾರೆ. ಅವರಿಗಿಂತ ಎಷ್ಟೋ ದಶಕ ಮುಂಚೆ ಪಲ್ವಂಕರ್ ಬಾಲು ಇದ್ದರು. ಚಮ್ಮಾರ ಕುಟುಂಬ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದಲ್ಲಿ. ಧಾರವಾಡದಲ್ಲೇ ಎಷ್ಟು ಜನಕ್ಕೆ ಈ ಹೆಸರು ಗೊತ್ತು?

ಪುಣೆಯ ಕ್ಲಬ್‌ಗಳಲ್ಲಿ ಪಿಚ್ ಗುಡಿಸೋದು, ರೋಲರ್ ಎಳೆಯೋದು, ನೆಟ್ ಕಟ್ಟೋದು ಅವರ ಕೆಲಸ. ತಿಂಗಳಿಗೆ ಮೂರು ನಾಲ್ಕು ರೂಪಾಯಿ. ಬ್ರಿಟಿಷ್ ಅಧಿಕಾರಿಗಳು ಬ್ಯಾಟಿಂಗ್ ಅಭ್ಯಾಸ ಮಾಡುವಾಗ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕಿ ಹಾಕಿ ಕಲಿತರು. ಬಿಳಿಯರನ್ನ ಸೋಲಿಸೋಕೆ ಇವರೇ ಬೇಕು ಅಂತ ಗೊತ್ತಾದ ಮೇಲೆ ಪುಣೆಯ ಹಿಂದೂ ತಂಡ ಬಾಲು ಅವರನ್ನ ಸೇರಿಸಿಕೊಂಡಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನ ಎಲ್ಲರೂ ಮುಟ್ಟೋರು. ಟೀ ವಿರಾಮ ಬಂತು ಅಂದ್ರೆ ಬಾಲು ಪೆವಿಲಿಯನ್ ಹೊರಗೆ ನಿಲ್ಲಬೇಕು, ಕುಡಿದು ಎಸೆಯೋ ಮಣ್ಣಿನ ಲೋಟದಲ್ಲಿ ಅವರಿಗೆ ಟೀ. ಚೆಂಡಿಗೆ ಇಲ್ಲದ ಮೈಲಿಗೆ ಲೋಟಕ್ಕೆ ಎಲ್ಲಿಂದ ಬಂತು? ಚೆಂಡಿನಿಂದ ವಿಕೆಟ್ ಬರುತ್ತೆ, ಲೋಟದಿಂದ ಸಮಾನತೆ ಬರುತ್ತೆ. ಅಷ್ಟೇ ವ್ಯತ್ಯಾಸ.

1906ರಲ್ಲಿ ಬಾಂಬೆಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನ ಸೋಲಿಸಿದಾಗ ಬಾಲು ಆ ಗೆಲುವಿನ ಮುಖ್ಯ ಬೌಲರ್. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡ ಸೋತಿದ್ದೇ ಜಾಸ್ತಿ. ಆದ್ರೆ ಬಾಲು ಒಬ್ಬರೇ 114 ವಿಕೆಟ್ ತೆಗೆದರು. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. ಪ್ರತಿ ಸಲ ಒಬ್ಬ ಮೇಲ್ಜಾತಿಯವರು ಟಾಸ್‌ಗೆ ಹೋಗೋರು, ಬಾಲು ಬೌಲಿಂಗ್ ಮಾಡೋರು. 1920ರಲ್ಲಿ ಬಾಲು ಅವರನ್ನ ತಂಡದಿಂದಲೇ ಕೈಬಿಟ್ಟಾಗ, ಆ ತಂಡದಲ್ಲೇ ಇದ್ದ ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಮ್ "ನಾವೂ ಆಡಲ್ಲ" ಅಂತ ಹೊರಬಂದರು. ನೂರು ವರ್ಷದ ಹಿಂದೆ ನಡೆದ ಸತ್ಯಾಗ್ರಹ ಅದು. ನಮ್ಮ ಚಳವಳಿಯ ಚರಿತ್ರೆಯಲ್ಲಿ ಅದಕ್ಕೆ ಜಾಗ ಸಿಗಬೇಕು. 1923ರಲ್ಲಿ ವಿಠ್ಠಲ್ ನಾಯಕರಾದರು, ಹಿಂದೂ ತಂಡ ಯುರೋಪಿಯನ್ನರನ್ನ ಸೋಲಿಸಿತು. ಅಣ್ಣನಿಗೆ ಕೊಡದೇ ಹೋದದ್ದನ್ನ ತಮ್ಮ ಜಗಳ ಮಾಡಿಯೇ ಪಡೆಯಬೇಕಾಯ್ತು.

ಇದನ್ನೇ ನಾನು ಹೇಳೋದು: ಚೆಂಡು ಕೊಡ್ತಾರೆ, ಟಾಸ್ ಕೊಡಲ್ಲ. ದುಡಿಯೋಕೆ ನೀನು ಬೇಕು, ನಿರ್ಧಾರ ಮಾಡೋಕೆ ಬೇಡ.

ಈ ಬಾಲು ಅವರನ್ನ ಮರೆತ ದೇಶಕ್ಕೆ 'ಲಗಾನ್' ಸಿನಿಮಾದ ಕಚ್ರಾ ಮಾತ್ರ ಚೆನ್ನಾಗಿ ನೆನಪಿದ್ದಾನೆ. ಹೆಸರೇ ಕಸ. ಅವನ ಕೈ ಊನ. ಅದಕ್ಕೇ ಚೆಂಡು ತಿರುಗುತ್ತೆ, ಅದನ್ನ ಕಂಡುಹಿಡಿಯೋದು ಮೇಲಿನ ಜಾತಿಯ ಹೀರೋ. ನಿಜವಾದ ಬಾಲು ವರ್ಷಗಟ್ಟಲೆ ಬೆವರು ಸುರಿಸಿ ಕಲಿತ ವಿದ್ಯೆ ಸಿನಿಮಾಕ್ಕೆ ಬರೋ ಹೊತ್ತಿಗೆ ಒಂದು ಅಂಗವೈಕಲ್ಯ ಆಗಿಬಿಡ್ತು! 2023ರಲ್ಲಿ ಒಂದು ಆಹಾರ ತಲುಪಿಸೋ ಕಂಪನಿ ಅದೇ ನಟನನ್ನ ಕಸದಿಂದ ಮಾಡಿದ ಮೇಜು, ದೀಪ ಅಂತ ತೋರಿಸಿ ಜಾಹೀರಾತು ಮಾಡ್ತು. ಜನ ಉಗಿದ ಮೇಲೆ ವಾಪಸ್ ತಗೊಂಡ್ರು. ನಮ್ಮ ಪ್ರತಿಭೆಯನ್ನ ಪ್ರತಿಭೆ ಅಂತ ಕರೆಯೋಕೆ ಇವರಿಗೆ ಎಷ್ಟು ಕಷ್ಟ ನೋಡಿ.

ಅಭಿಮಾನಿಗಳ ದಿನನಿತ್ಯದ ಮಾತನ್ನೇ ಕಿವಿಗೊಟ್ಟು ಕೇಳಿ. "ಅವನದ್ದು ಕ್ಲಾಸ್ ಬ್ಯಾಟಿಂಗ್", "ಎಷ್ಟು ಸಂಸ್ಕಾರವಂತ ಹುಡುಗ", "ಇವನು ಬರೀ ಮಾಸ್, ಕಲ್ಚರ್ ಇಲ್ಲ." ಈ ಸಂಸ್ಕಾರ, ಕಲ್ಚರ್ ಅಂದ್ರೆ ಯಾರ ಮನೆಯದ್ದು? 2021ರಲ್ಲಿ ತಮಿಳುನಾಡು ಪ್ರೀಮಿಯರ್ ಲೀಗಿನ ಕಾಮೆಂಟರಿಯಲ್ಲಿ ಚೆನ್ನೈ ಸಂಸ್ಕೃತಿಗೆ ಹೇಗೆ ಹೊಂದಿಕೊಂಡ್ರಿ ಅಂತ ಕೇಳಿದಾಗ ಸುರೇಶ್ ರೈನಾ ಕೊಟ್ಟ ಉತ್ತರ ನಾನೂ ಬ್ರಾಹ್ಮಣ ಅನ್ನೋದು. ಪೆರಿಯಾರ್ ಓಡಾಡಿದ ಊರಿನ ಸಂಸ್ಕೃತಿ ಒಂದು ಜಾತಿಗೆ ಇಳಿದುಬಿಡ್ತು. ಅವರೊಬ್ಬರನ್ನ ಬೈದು ಪ್ರಯೋಜನ ಇಲ್ಲ, ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರೋ ವಾತಾವರಣ ಅಲ್ಲಿದೆ ಅನ್ನೋದು ಮುಖ್ಯ. 2020ರಲ್ಲಿ ಯುವರಾಜ್ ಸಿಂಗ್ ಇನ್‌ಸ್ಟಾಗ್ರಾಂ ಲೈವ್‌ನಲ್ಲಿ ಜೊತೆ ಆಟಗಾರನನ್ನ ಗೇಲಿ ಮಾಡೋಕೆ ಬಳಸಿದ್ದು ಪೌರಕಾರ್ಮಿಕ ಸಮುದಾಯದ ಜಾತಿ ಹೆಸರನ್ನ. ಕೇಸಾಯ್ತು, ವಿಷಾದ ಹೇಳಿದರು. ಕೇಸಾಗದೇ ಇರೋ ಇಂಥ ಮಾತು ಪ್ರತಿ ಮೈದಾನದಲ್ಲೂ ದಿನಾ ಕೇಳಿಸುತ್ತೆ.

ಗೆದ್ದಾಗ ಎಲ್ಲರೂ "ನಮ್ಮ ಹುಡುಗ್ರು". ಸೋತಾಗ ಗೊತ್ತಾಗುತ್ತೆ ಯಾರು ಯಾರವರು ಅಂತ. 2021ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಎದುರು ಇಡೀ ತಂಡ ಸೋತರೂ ದ್ರೋಹಿ ಆಗಿದ್ದು ಶಮಿ ಒಬ್ಬರೇ. ಅದೇ ವರ್ಷ ಆಗಸ್ಟ್‌ನಲ್ಲಿ ಒಲಿಂಪಿಕ್ಸ್ ಹಾಕಿ ಸೆಮಿಫೈನಲ್‌ನಲ್ಲಿ ಮಹಿಳಾ ತಂಡ ಸೋತಾಗ, ಹರಿದ್ವಾರದ ಹತ್ತಿರ ವಂದನಾ ಕಟಾರಿಯಾ ಮನೆ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದರು. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಗೋಲು ಹೊಡೆದ ಮೊದಲ ಭಾರತೀಯ ಮಹಿಳೆ ಆಕೆ. ಆ ಹ್ಯಾಟ್ರಿಕ್ ಬಂದು ಒಂದು ವಾರ ಕೂಡ ಆಗಿರಲಿಲ್ಲ.

ಇನ್ನೂ ಕೆಳಗೆ, ಊರಿನ ಮೈದಾನಕ್ಕೆ ಬನ್ನಿ. 2023ರ ಜೂನ್, ಗುಜರಾತಿನ ಪಾಟಣ ಜಿಲ್ಲೆಯ ಕಾಕೋಶಿ ಗ್ರಾಮ. ಶಾಲೆ ಮೈದಾನದಲ್ಲಿ ಕ್ರಿಕೆಟ್ ನಡೀತಿತ್ತು. ನೋಡ್ತಾ ನಿಂತಿದ್ದ ದಲಿತ ಹುಡುಗನೊಬ್ಬ ತನ್ನ ಕಡೆ ಬಂದ ಚೆಂಡನ್ನ ಎತ್ತಿಕೊಂಡ. ಅದಕ್ಕೆ ಜಾತಿ ಬೈಗುಳ, ಬೆದರಿಕೆ. ಆಮೇಲೆ ಆ ಕುಟುಂಬದ ಮೇಲೆ ದಾಳಿ ಮಾಡಿ ಒಬ್ಬರ ಹೆಬ್ಬೆರಳನ್ನೇ ಕತ್ತರಿಸಿದರು. ಅದೇ ರಾಜ್ಯದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರೋ, ಪ್ರಧಾನಿಯ ಹೆಸರಿನ, ಜಗತ್ತಿನ ಅತಿ ದೊಡ್ಡ ಕ್ರಿಕೆಟ್ ಸ್ಟೇಡಿಯಂ ಇದೆ. ಅಲ್ಲಿ ಐಪಿಎಲ್ ಫೈನಲ್ ಮುಗಿದು ವಾರ ಆಗಿರಲಿಲ್ಲ. ಏಕಲವ್ಯನ ಕಥೆಯಲ್ಲಿ ಗುರುದಕ್ಷಿಣೆ ಅನ್ನೋ ನೆಪವಾದರೂ ಇತ್ತು. ಇಲ್ಲಿ ಅದೂ ಇಲ್ಲ.

"ಸರಿ, ಆಟದ ಕಥೆ ಆಯ್ತು, ರಾಜಕೀಯಕ್ಕೂ ಇದಕ್ಕೂ ಏನು?" ಅಂತೀರಾ? ಟಾಸ್‌ಗೆ ಯಾರು ಹೋಗಬೇಕು ಅನ್ನೋದೇ ರಾಜಕೀಯ. 1971ರ ಯುದ್ಧ ಗೆದ್ದಾಗ ರಕ್ಷಣಾ ಸಚಿವರಾಗಿದ್ದವರು ಬಾಬು ಜಗಜೀವನ್ ರಾಮ್. 1977ರಲ್ಲಿ ಪ್ರಧಾನಿ ಆಗೋ ಸಮಯ ಬಂದಾಗ ಆ ಕುರ್ಚಿ ಬೇರೆಯವರಿಗೆ ಹೋಯ್ತು. ನಮ್ಮ ರಾಜ್ಯದಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರು 1972ರಿಂದ ಸತತ ಒಂಬತ್ತು ಸಲ ವಿಧಾನಸಭೆಗೆ ಗೆದ್ದರು. ಮುಖ್ಯಮಂತ್ರಿ ಹುದ್ದೆಗೆ ಹೆಸರು ಕೇಳಿಬಂತು, ಮತ್ತೆ ಕೇಳಿಬಂತು, ಕೇಳಿಬಂದಲ್ಲೇ ನಿಂತಿತು. 1956ರಲ್ಲಿ ರಾಜ್ಯ ಒಂದಾದಾಗಿನಿಂದ ಒಬ್ಬ ದಲಿತ ಮುಖ್ಯಮಂತ್ರಿಯನ್ನೂ ಕರ್ನಾಟಕ ಕಂಡಿಲ್ಲ. ಖರ್ಗೆ ಅವರ ಎಲ್ಲಾ ನಿಲುವು ನಾನು ಒಪ್ಪಲ್ಲ, ಆ ಮಾತು ಬೇರೆ. "ಎಲ್ಲರೂ ಒಪ್ಪೋ ನಾಯಕ ಬೇಕು" ಅಂತಾರಲ್ಲ, ಆ "ಎಲ್ಲರೂ" ಅನ್ನೋದರಲ್ಲಿ ನಾವಿಲ್ಲ. "ಲೀಡರ್‌ಶಿಪ್ ಕ್ವಾಲಿಟಿ" ಅನ್ನೋ ಮಾತನ್ನ ಬಾಲು ಕಾಲದ ಜಿಮ್ಖಾನಾದವರು ಬೇರೆ ಶಬ್ದದಲ್ಲಿ ಹೇಳಿದ್ದರು, ಅಷ್ಟೇ.

ಕ್ರಿಕೆಟ್ ಮಂಡಳಿಗಳ ಕುರ್ಚಿ ನೋಡಿ. ಮಂತ್ರಿಗಳು, ಮಂತ್ರಿಗಳ ಮಕ್ಕಳು, ಉದ್ಯಮಿಗಳು. ಪಕ್ಷ ಯಾವುದಾದರೂ ಸರಿ. ಅಲ್ಲಿ ಪ್ರತಿಭೆಯ ಪರೀಕ್ಷೆ ಯಾವ ನೆಟ್ಸ್‌ನಲ್ಲಿ ನಡೀತು? ಅಭಿಮಾನಿಗಳು ಬೇಕಾಗೋದು ಜನಜಂಗುಳಿಯಾಗಿ ಮಾತ್ರ. 2025ರ ಜೂನ್ 4ರಂದು ಆರ್‌ಸಿಬಿ ಕಪ್ ಗೆದ್ದ ಮರುದಿನ, ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ, ಫೋಟೋ. ಚಿನ್ನಸ್ವಾಮಿ ಸ್ಟೇಡಿಯಂ ಗೇಟಿನ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಯಾವ ಜಾತಿಯವರು ಅಂತ ನಾನು ಕೇಳಲ್ಲ, ಎಲ್ಲರೂ ನಮ್ಮ ಮಕ್ಕಳೇ. ಕಪ್ ಹಿಡಿಯೋರು ಯಾರು, ಗೇಟಿನಲ್ಲಿ ನಿಲ್ಲೋರು ಯಾರು ಅಂತ ಮಾತ್ರ ಕೇಳ್ತೀನಿ.

ಇಲ್ಲಿ ನಮ್ಮವರಿಗೂ ಒಂದು ಮಾತು ಹೇಳಬೇಕು. ಬಾಲು ಕಥೆ ವಿಠ್ಠಲ್ ನಾಯಕರಾದಲ್ಲಿಗೆ ಮುಗಿಯಲ್ಲ. ಯುವಕ ಅಂಬೇಡ್ಕರ್ ಅವರಿಗೂ ಬಾಲು ಹೆಮ್ಮೆಯ ವ್ಯಕ್ತಿ. ಅದೇ ಬಾಲು 1932ರಲ್ಲಿ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರು. 1937ರಲ್ಲಿ ಬಾಂಬೆಯ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್ ಅವರನ್ನ ಅಂಬೇಡ್ಕರ್ ವಿರುದ್ಧವೇ ನಿಲ್ಲಿಸಿತು. ಬಾಬಾಸಾಹೇಬರು ಸುಮಾರು ಎರಡು ಸಾವಿರ ಮತಗಳಿಂದ ಗೆದ್ದರು. ಬಾಲು ಅವರನ್ನ ದ್ರೋಹಿ ಅನ್ನೋಕೆ ನನಗೆ ಮನಸ್ಸಿಲ್ಲ. ಜೀವಮಾನವಿಡೀ ಹೊರಗೆ ನಿಂತು ಟೀ ಕುಡಿದ ಮನುಷ್ಯನನ್ನ ಒಳಗೆ ಕರೆದಾಗ ಅವರು ಹೋದರು. ಆದ್ರೆ ಮೈದಾನದಲ್ಲಿ ನಾಯಕತ್ವ ಕೊಡದಿದ್ದ ಸಮಾಜ, ನಮ್ಮದೇ ನಾಯಕನನ್ನ ಸೋಲಿಸೋಕೆ ಮಾತ್ರ ಅವರ ಕೈಗೆ ಮತ್ತೆ ಚೆಂಡು ಕೊಟ್ಟಿತು ಅನ್ನೋದನ್ನ ಮರೆಯಬಾರದು. ಇವತ್ತೂ ಮೀಸಲು ಕ್ಷೇತ್ರಗಳಲ್ಲಿ ಟಿಕೆಟ್ ಹಂಚುವಾಗ ಇದೇ ಆಟ ನಡೆಯುತ್ತೆ. ಯಾರು ಕರೆದರು ಅನ್ನೋದಕ್ಕಿಂತ ಯಾವುದಕ್ಕೆ ಕರೆದರು ಅಂತ ನೋಡೋದು ಕಲಿಯಬೇಕು.

ನಮ್ಮ ಸಂಗಾತಿಗಳಲ್ಲಿ ಕೆಲವರು "ಕ್ರಿಕೆಟ್ ಮೇಲ್ಜಾತಿಯವರ ಆಟ, ನಮಗೆ ಅದರ ಸಹವಾಸವೇ ಬೇಡ" ಅಂತಾರೆ. ನಾನು ಒಪ್ಪಲ್ಲ. ಕೇರಿಯ ಹುಡುಗ್ರು ಟೆನಿಸ್ ಬಾಲ್ ಹಿಡಿದು ಅಂಬೇಡ್ಕರ್ ಜಯಂತಿ ಕಪ್ ಆಡ್ತಾರಲ್ಲ, ಆ ಖುಷಿಯನ್ನ ಯಾರಿಗೂ ಬಿಟ್ಟುಕೊಡಬೇಕಿಲ್ಲ. ಕೊಹ್ಲಿ ಫ್ಯಾನ್ ಆಗಿ, ಸ್ಮೃತಿ ಫ್ಯಾನ್ ಆಗಿ, ಈ ಸಲ ಕಪ್ ನಮ್ದೇ ಅನ್ನಿ. ಅದರ ಜೊತೆಗೆ ಲೆಕ್ಕವನ್ನೂ ಕೇಳಿ.

ನಮ್ಮ ಬೇಡಿಕೆ ಬಹಳ ದೊಡ್ಡದೇನಲ್ಲ. ರಾಜ್ಯ ತಂಡಗಳಿಗೆ, ಅದರಲ್ಲೂ 16, 19ರ ಒಳಗಿನ ಮಕ್ಕಳ ತಂಡಗಳಿಗೆ ಆಯ್ಕೆಯಾಗೋರ ಸಾಮಾಜಿಕ ಹಿನ್ನೆಲೆಯ ಅಂಕಿಅಂಶವನ್ನ ಹೆಸರಿಲ್ಲದೆ ಪ್ರಕಟಿಸಿ. ಆಯ್ಕೆ ಶಿಬಿರಗಳು ತಾಲ್ಲೂಕಿಗೆ ಬರಲಿ. ಕರ್ನಾಟಕದಲ್ಲಿ 2013ರಿಂದ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. ಆ ಹಣದಲ್ಲಿ ವಸತಿ ಶಾಲೆ, ಹಾಸ್ಟೆಲ್ ಮಕ್ಕಳಿಗೆ ಪಿಚ್, ತರಬೇತುದಾರ, ಕಿಟ್ ಕೊಡಿ. ಒಂದು ಒಳ್ಳೆ ಬ್ಯಾಟಿನ ರೇಟಿಗೆ ಕೂಲಿ ಮನೆಯ ತಿಂಗಳ ಸಂಸಾರ ನಡೆಯುತ್ತೆ. ಪ್ರತಿಭೆ ಅಂತ ಮಾತಾಡೋ ಮುಂಚೆ ಆ ಬ್ಯಾಟನ್ನ ಹುಡುಗನ, ಹುಡುಗಿಯ ಕೈಗೆ ಕೊಟ್ಟು ನೋಡಿ. ಧಾರವಾಡದಲ್ಲಿ ಪಲ್ವಂಕರ್ ಬಾಲು ಹೆಸರಲ್ಲಿ ಒಂದು ಮೈದಾನ, ಒಂದು ತರಬೇತಿ ಶಾಲೆ ಆಗಬೇಕು. ಇದನ್ನ ಯಾವ ಸಂಘಟನೆ ಮೊದಲು ಕೈಗೆತ್ತಿಕೊಳ್ಳುತ್ತೋ ಅವರ ಜೊತೆ ನಾನಿದ್ದೀನಿ.

ಮುಂದಿನ ಸಲ ಆ ಜೋಕ್ ಬಂದಾಗ ಗ್ರೂಪ್ ಬಿಟ್ಟು ಹೋಗಬೇಡಿ, ಸುಮ್ಮನೆಯೂ ಇರಬೇಡಿ. ಬಾಲು ಅವರ 114 ವಿಕೆಟ್, ಬವುಮಾ ಅವರ 66 ರನ್, ಎರಡನ್ನೂ ಬರೆದು ಹಾಕಿ. ಬೌಂಡರಿ ಗೆರೆ ಎಲ್ಲಿದೆಯೋ ಅಲ್ಲೇ ಇರಲಿ. ನಾವು ಕೇಳ್ತಿರೋದು ಟಾಸ್.

ಜೈ ಭೀಮ್.