ಮನಿ ಮಾರಿದ ಮ್ಯಾಲೂ ಕೈ ಚಾಚೋರು

ಹೋದ ಐತವಾರ ಸಂಜಿಮುಂದ ಚಕ್ಲಿ ಕರೀಲಿಕ್ಕೆ ಕೂತಿದ್ದೆ. ಟೆಕ್ಸಾಸಿನಿಂದ ನಮ್ಮಕ್ಕನ ಮಗಳ ಫೋನ್ ಬಂತು.

"ಮೌಶಿ, ಮನಿ ಪಸಂದ ಬಂದದ. 2009ರಾಗ ಕಟ್ಟಿದ್ದು. ಆದ್ರ ಕಾಗದದಾಗ ಒಂದು ಕರಾರು ಅದ. ಮುಂದ ಈ ಮನಿ ಯಾವಾಗ ಮಾರಿದ್ರೂ, ಮಾರಿದ ಬೆಲಿಯೊಳಗ ನೂರಕ್ಕ ಒಂದು ಪಾಲು ಮೊದಲಿನ ಬಿಲ್ಡರ್‌ಗೆ ಕೊಡಬೇಕಂತ. 99 ವರ್ಷ!"

ಅಲ್ಲೆ ಇದಕ್ಕ ಪ್ರೈವೇಟ್ ಟ್ರಾನ್ಸ್‌ಫರ್ ಫೀ ಅಂತಾರ. ನಮ್ಮ ಸ್ಟ್ಯಾಂಪ್ ಡ್ಯೂಟಿ ಹಂಗ ಸರಕಾರಕ್ಕ ಹೋಗೂದಲ್ಲ, ಖಾಸಗಿ ಮಂದಿ ಕಿಸೆಕ್ಕ ಹೋಗೂದು. ಕರಾರು ಮನುಷ್ಯಾಗ ಅಂಟಿಲ್ಲ, ಜಾಗಾಕ್ಕ ಅಂಟಿರ್ತದ. ಮನಿ ಯಾರ ಕೈ ಸೇರಿದ್ರೂ ಅದೂ ಬೆನ್ನ ಹತ್ತಿ ಹೋಗ್ತದ.

ನೀವೇ ಹೇಳ್ರಿ ವೈನಿ, ಎಮ್ಮಿ ಮಾರಿ ರೊಕ್ಕ ಎಣಿಸಿಕೊಂಡು ಹೋದಾವ, ಆ ಎಮ್ಮಿ ಮುಂದ ಸಂತ್ಯಾಗ ಮಾರಿದಾಗೆಲ್ಲಾ ಬಂದು "ನನ್ನ ಪಾಲು ಕೊಡ್ರಿ" ಅಂದ್ರ ಯಾರರೇ ಕೊಡ್ತಾರೇನು? ಮೇವು ಹಾಕಿದವರು ನಾವು, ಸಗಣಿ ಬಳದವರು ನಾವು!

ಲೆಕ್ಕಾ ಹಾಕ್ರಿ. ಮೂರೂವರಿ ಲಕ್ಷ ಡಾಲರಿನ ಮನಿ ಮಾರಿದ್ರ 3,500 ಡಾಲರ್ ಹೋತು. ಹತ್ತು ವರ್ಷಕ್ಕೊಮ್ಮೆ ಕೈ ಬದಲಾದ್ರ 99 ವರ್ಷದಾಗ ಒಂಬತ್ತು ಸಲ. ಅದೂ ಲಾಭದ ಮ್ಯಾಲಲ್ಲ, ಪೂರ್ತಿ ಬೆಲಿ ಮ್ಯಾಲೆ. ಲುಕ್ಸಾನಾಗಿ ಮಾರಿದ್ರೂ ಬಿಡಂಗಿಲ್ಲ. ಮನಿ ಮಾರೂದು ಯಾವಾಗ? ನೌಕರಿ ಹೋದಾಗ, ಗಂಡ ತೀರಿಕೊಂಡಾಗ, ಸಂಸಾರ ಮುರದಾಗ. ಆ ಕಷ್ಟದೊಳಗ, ಮಾರಿ ನೋಡಿರದವಗ ರೊಕ್ಕ ಎಣಿಸಿ ಕೊಡಬೇಕು.

ಬಿಲ್ಡರ್ ಮಂದಿ ಹೇಳೂದೇನಂದ್ರ, "ರಸ್ತೆ, ಗಟಾರ ಮಾಡಿದ ಖರ್ಚು ಮುಂದಿನವರಿಗೂ ಹಂಚತೀವಿ, ಅದಕ್ಕ ಮೊದಲಿನ ಬೆಲಿ ಕಡಿಮಿ ಆಗ್ತದ." ಕೇಳಲಿಕ್ಕೆ ಛಂದ ಅದ. ಖರ್ಚು ಹಂಚೂದಿದ್ರ ಖರ್ಚು ತೀರಿದ ದಿನ ವಸೂಲಿ ನಿಲ್ಲಬೇಕಿತ್ತಲ್ಲ? 99 ವರ್ಷ ತನಕ, ಅದೂ ಬೆಲಿ ಏರಿದಂಗ ಏರೂ ಹಂಗ ಯಾಕ? ಈ ಹಕ್ಕನ್ನ ಬ್ಯಾರೆ ಹೂಡಿಕಿದಾರರಿಗೆ ಮಾರೂ ಯೋಜನಿನೂ ಹಾಕಿದ್ರು. ಅಂದ್ರ ಆ ಓಣಿಗೆ ಒಂದು ಹಿಡಿ ಮಣ್ಣು ಹಾಕದವರೂ ಪಾಲು ತಿನ್ನೂದು!

ಎಲ್ಲಾ ಫೀ ಕೆಟ್ಟದ್ದು ಅಂತ ನಾ ಅನ್ನೂದಿಲ್ಲ. ಕಾಲೊನಿ ಸಂಘಕ್ಕ ಕೊಟ್ಟು, ಅದರಿಂದ ಅಲ್ಲಿಯ ತೋಟ, ರಸ್ತೆ ನೋಡಿಕೊಂಡ್ರ ಅದು ನಮ್ಮ ಮನಿಗೇ ತಿರುಗಿ ಬರ್ತದ. ಕಾನೂನೂ ಅಂಥಾದ್ದಕ್ಕ ಸಡಿಲ ಕೊಟ್ಟದ.

ಅಮೆರಿಕಾದಾಗ ಇದಕ್ಕ ಜನ ಸುಮ್ಮನ ಕೂಡಲಿಲ್ಲ. ಟೆಕ್ಸಾಸ್ ರಾಜ್ಯ 2011ರಾಗ ಇಂಥ ಹೊಸಾ ಕರಾರು ನಿಲ್ಲಿಸಿತು. ಬ್ಯಾಂಕಿನಿಂದ ಮನಿ ಸಾಲ ಕೊಂಡುಕೊಳ್ಳೂ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳು ಇಂಥ ಮನಿ ಸಾಲ ಮುಟ್ಟಬಾರದು ಅಂತ 2012ರಾಗ ಕೇಂದ್ರದ ನಿಯಮ ಬಂತು. ಆದ್ರ ಅದು 2011ರ ಫೆಬ್ರುವರಿ 8ರಿಂದ ಈಚೆ ಹುಟ್ಟಿದ ಕರಾರಿಗೆ. ನಮ್ಮ ಹುಡುಗಿ ನೋಡಿದ್ದು ಹಳೇದು. ಹಳೇವು ಇನ್ನೂ ಕಾಗದದೊಳಗ ಮಲಗ್ಯಾವ.

ಅದಕ್ಕ ಆಕಿಗೆ ಹೇಳೀನಿ: ಟೈಟಲ್ ಕಂಪನಿಯವರನ್ನ ಕೇಳು. ಟೆಕ್ಸಾಸಿನಾಗ ಹಳೇ ಕರಾರಿನವರು ಕೌಂಟಿ ಕಚೇರ್ಯಾಗ ನೋಟಿಸ್ ದಾಖಲ ಮಾಡಿ, ಮೂರು ವರ್ಷಕ್ಕೊಮ್ಮೆ ಮತ್ತ ದಾಖಲ ಮಾಡಬೇಕು. ತಪ್ಪಿದ್ರ ಕರಾರೇ ರದ್ದು. ತಪ್ಪಿರದಿದ್ರ ಅಷ್ಟು ರೊಕ್ಕ ಬೆಲಿಯೊಳಗ ಮುರಿ, ಇಲ್ಲಾ ಬ್ಯಾರೆ ಮನಿ ನೋಡು.

ಅಮೆರಿಕಾದ ಮಾತು ನಮಗ್ಯಾಕ ಅನಬ್ಯಾಡ್ರಿ ಮಾಮಿ. ನಮ್ಮ ಓಣ್ಯಾಗ ಎಷ್ಟು ಮನಿ ಮಕ್ಕಳು, ಸೊಸ್ಯಾರು ಅಲ್ಲೆ ಮನಿ ತಗೊಳ್ಳಿಕತ್ತಾರ! ಕಾಗದ ಓದೂದು ಗಂಡಸರ ಕೆಲಸ ಅಂತ ಬಿಡಬ್ಯಾಡ್ರಿ ಅಂತ ಹೇಳ್ರಿ. ಕಾಯಿಪಲ್ಲೆ ತಗೊಳ್ಳುವಾಗ ಒಂದೊಂದು ಬದನಿಕಾಯಿ ತಿರುವಿ ನೋಡತೀವಿ. ಮನಿ ಕಾಗದದ ಕಡೀ ಪುಟ ತಿರುವಲಿಕ್ಕೆ ಯಾಕ ಬ್ಯಾಸರ?